ಮನೆಯಲ್ಲೇ ಗೇರುಬೀಜ ಸುಲಿಯಬಹುದು, ಕೈ ಸುಟ್ಟುಕೊಳ್ಳದೆ

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂದಾಗ ನಮ್ಮ ಗುಡ್ಡೆಯಲ್ಲಿ ಗೇರುಬೀಜ ಉದುರಲು ಸುರುವಾಗಿ ಮೂರು ವಾರ ಆಗಿತ್ತಷ್ಟೆ. ಪೇಟೆಯ ಅಂಗಡಿಗಳು ಬಾಗಿಲು ಹಾಕಿದವು. ಬೀಜ ಕೊಳ್ಳುವವರಿಲ್ಲ. ಮರಕ್ಕೆ ಲಾಕ್‌ಡೌನ್ ಉಂಟಾ? ಅದು ಉದುರಿಸುತ್ತಲೇ ಇತ್ತು. ಏಪ್ರಿಲ್ ಎರಡನೇ ವಾರಕ್ಕಾಗುವಾಗ ಜಗಲಿಯಲ್ಲಿ ಮೂರು ಗೋಣಿ ತುಂಬಿ ನಿಂತಿತು, ಸುಮಾರು ಎರಡೂಕಾಲು ಕ್ವಿಂಟಾಲ್. ಕೈಯಲ್ಲಿ ದುಡ್ಡಿಲ್ಲ, ಎದುರಲ್ಲಿ ಬೀಜ.

"ನಾವೇ ಸುಲಿಯುವ. ಹಿಂದೆ ನಾವು ಮಾಡ್ತಿರ್ಲಿಲ್ವಾ?" ಅಂದರು ಅಮ್ಮ. ಹಿಂದೆ ಮಾಡ್ತಿದ್ದದ್ದು ಹೌದು. ಆದರೆ ಅದು ಹಬ್ಬದ ಪಾಯಸಕ್ಕೆ ಒಂದು ಸೇರು ಬೀಜ. ಇದು ಮೂರು ಗೋಣಿ. ಈ ವ್ಯತ್ಯಾಸ ನಮಗೆ ಗೊತ್ತಾಗಲು ಒಂದು ತಿಂಗಳು ಹಿಡಿಯಿತು. ಆ ತಿಂಗಳು ನಾವು ಮಾಡಿದ ತಪ್ಪುಗಳನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಹೊಸದಾಗಿ ಸುಲಿಯಲು ಹೊರಟವರು ಹೆಚ್ಚಿನವರು ಇದನ್ನೇ ಮಾಡುತ್ತಾರೆ.

ಮೊದಲ ದಿನ ಸುಟ್ಟೆವು. ಹಳೇ ಕಾವಲಿಗೆ ಮೊಳೆಯಿಂದ ತೂತು ಹೊಡೆದು, ಅಂಗಳದ ಕರೆಯಲ್ಲಿ ಮೂರು ಕಲ್ಲಿಟ್ಟು ಬೆಂಕಿ ಮಾಡಿದೆವು. ಬೀಜ ಬಿಸಿಯಾಗುತ್ತಿದ್ದ ಹಾಗೆ ಎಣ್ಣೆ ಬಿಟ್ಟು ಚಟಚಟ ಅನ್ನುತ್ತದೆ, ಮತ್ತೆ ಭಗ್ಗನೆ ಹತ್ತಿಕೊಳ್ಳುತ್ತದೆ. ಉದ್ದ ಕೋಲಿನಿಂದ ತಿರುವುತ್ತಾ ಇರಬೇಕು. ಕಪ್ಪಾಗಿ ಉಬ್ಬಿದ ಕೂಡಲೇ ನೆಲಕ್ಕೆ ಸುರಿದು, ಮಣ್ಣು ಬೂದಿ ಎರಚಿ ಬೆಂಕಿ ನಂದಿಸಿ, ಆಮೇಲೆ ಕಲ್ಲಿನಿಂದ ಒಡೆಯುವುದು. ರುಚಿಯ ಮಟ್ಟಿಗೆ ಹೇಳುವುದಾದರೆ ಇದಕ್ಕೆ ಸಾಟಿ ಇಲ್ಲ. ಆದರೆ ಹೊಗೆ ಇದೆಯಲ್ಲ, ಅದು ಸೌದೆಯ ಹೊಗೆ ಅಲ್ಲ, ಸೊನೆಯ ಹೊಗೆ. ನನ್ನ ಮಗಳು ಗಾಳಿ ಬೀಸುವ ಕೆಳಬದಿಯಲ್ಲಿ ನಿಂತು ನೋಡುತ್ತಿದ್ದಳು, ಅಷ್ಟೇ. ಮರುದಿನ ಬೆಳಿಗ್ಗೆ ಅವಳ ಮುಖ ಊದಿ ಕಣ್ಣು ಬಿಡಲಾಗುತ್ತಿರಲಿಲ್ಲ. ಬಸ್ಸಿಲ್ಲದ ಆ ದಿನಗಳಲ್ಲಿ ಡಾಕ್ಟರಿಗೆ ಫೋನ್ ಮಾಡಿ, ಔಷಧ ತರಿಸುವಷ್ಟರಲ್ಲಿ ನಮಗೆ ಸಾಕು ಸಾಕಾಯಿತು. ಸುಟ್ಟ ತಿರುಳಿನಲ್ಲಿ ಅರ್ಧ ಕರಿದು ಹೋಗಿತ್ತು.

ಸುಡುವುದು ಬೇಡ ಎಂದು ಬೇಯಿಸಿದೆವು. ದೊಡ್ಡ ಹಂಡೆಯಲ್ಲಿ ನೀರು ಕುದಿಸಿ ಬೀಜ ಹಾಕಿ, ಮುಕ್ಕಾಲು ಗಂಟೆ ಬಿಟ್ಟು ತೆಗೆದು, ಬಿಸಿ ಆರುವ ಮೊದಲೇ ಸುಲಿಯಲು ಕುಳಿತೆವು. ಅಮ್ಮ ಅಡಕತ್ತರಿ ಹಿಡಿದರು, ನಾವು ಕತ್ತಿ ಹಿಡಿದೆವು. ಬೀಜ ಮೆತ್ತಗೆ. ಕತ್ತರಿ ಹಾಕಿದರೆ ಚಿಪ್ಪು ಬಿರಿಯುವುದಿಲ್ಲ, ತಿರುಳೂ ಸೇರಿ ಎರಡಾಗುತ್ತದೆ. ಸೊನೆ ಕೈಯೆಲ್ಲ ಹರಿಯುತ್ತಿತ್ತು. ಆ ದಿನ ಏನೂ ಆಗಲಿಲ್ಲ. ಅದೇ ಮೋಸ. ಮರುದಿನ ಬೆರಳು ಕಂದು, ಮೂರನೇ ದಿನ ಕಪ್ಪು, ಆಮೇಲೆ ಗುಳ್ಳೆ ಎದ್ದು ಚರ್ಮ ಪದರ ಪದರವಾಗಿ ಏಳಲು ಸುರುವಾಯಿತು. ನನ್ನ ಕೈ ವಾರದಲ್ಲಿ ಸರಿಯಾಯಿತು. ಅಮ್ಮನಿಗೆ ಮೂರು ವಾರ ಉಪ್ಪು, ಹುಳಿ, ಮೆಣಸು ಮುಟ್ಟಲು ಆಗಲಿಲ್ಲ. ಅಡುಗೆಮನೆಯಲ್ಲಿ ಉಪ್ಪು ಮುಟ್ಟದೆ ಎಂಥ ಕೆಲಸ ಮಾಡ್ತೀರಿ?

ಹೀಗೆ 40 ಕಿಲೋ ಬೀಜ ಮುಗಿಯಿತು. ಸಿಕ್ಕಿದ ತಿರುಳು 7 ಕಿಲೋ. ಅದರಲ್ಲಿ ಇಡಿಯಾದದ್ದು 2 ಕಿಲೋ ಇರಲಿಲ್ಲ.

ಬೇಯಿಸಿದ್ದಕ್ಕಲ್ಲ, ಕಾಯದ್ದಕ್ಕೆ

ನಮ್ಮ ಬೇಲಿಯಾಚೆ ಒಬ್ಬರು ಅಕ್ಕ ಇದ್ದಾರೆ. ಇಪ್ಪತ್ತು ವರ್ಷ ಬೀಜದ ಫ್ಯಾಕ್ಟರಿಯಲ್ಲಿ ಕಟ್ಟಿಂಗಿಗೆ ಕೂತವರು. ನಮ್ಮ ಅಂಗಳದ ಅವಸ್ಥೆ ನೋಡಿ ಅವರು ನಕ್ಕದ್ದಲ್ಲ, ಬೈದದ್ದು. "ನೀವು ಬೇಯಿಸಿದ್ದು ತಪ್ಪಲ್ಲ. ಕಾಯ್ಲಿಲ್ಲ, ಅದು ತಪ್ಪು." ಒಂದೇ ಮಾತು. ಆಮೇಲೆ ಅವರು ತೋರಿಸಿಕೊಟ್ಟದ್ದರಲ್ಲಿ ಮುಕ್ಕಾಲು ಪಾಲು ಈ ಕಾಯುವ ಕೆಲಸವೇ. ಗೇರುಬೀಜದಲ್ಲಿ ಮೆಷಿನ್ ದೊಡ್ಡದಲ್ಲ, ಎಲ್ಲೆಲ್ಲಿ ಅವಸರ ಮಾಡಬಾರದು ಎಂದು ತಿಳಿದಿರುವುದು ದೊಡ್ಡದು.

ಯಾಕೆ ಕಾಯಬೇಕು ಎಂದು ತಿಳಿಯಲು ಒಂದು ಬೀಜವನ್ನು ಉದ್ದಕ್ಕೆ ಸೀಳಿ ನೋಡಿ. ಹೊರಗೆ ಚರ್ಮದಂಥ ಪದರ, ಒಳಗೆ ಗಟ್ಟಿ ಪದರ, ಇವೆರಡರ ನಡುವೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕೋಣೆಗಳು. ಸೊನೆ ಇರುವುದು ಆ ಕೋಣೆಗಳಲ್ಲಿ. ಚಿಪ್ಪಿನ ತೂಕದಲ್ಲಿ ಸುಮಾರು ಕಾಲು ಪಾಲು ಈ ಎಣ್ಣೆಯೇ. ಇದರಲ್ಲಿರುವ ಅನಾಕಾರ್ಡಿಕ್ ಆಮ್ಲ ಮತ್ತು ಕಾರ್ಡಾಲ್ ನಮ್ಮ ಚರ್ಮ ಸುಡುವ ವಸ್ತುಗಳು. ಮಾವು, ಗೇರು, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು, ಮೂರೂ ಒಂದೇ ಕುಟುಂಬ. ಮಾವಿನ ಸೊನೆ ತಾಗಿದರೆ ತುಟಿ ಹುಣ್ಣಾಗುವವರು ಗೇರುಬೀಜ ಸುಲಿಯುವ ಹತ್ತಿರವೇ ಹೋಗಬೇಡಿ. ನನ್ನ ಮಗಳು ಆ ಜಾತಿ ಎಂದು ನಮಗೆ ಆಮೇಲೆ ನೆನಪಾಯಿತು.

ಹಬೆ ತಾಗಿದಾಗ ಚಿಪ್ಪು ಮೆತ್ತಗಾಗುತ್ತದೆ. ತಣಿದು ನೀರಿನಂಶ ಹೋದ ಮೇಲೆ ಅದು ಗಡುಸಾಗಿ ಸುಲಭವಾಗಿ ಬಿರಿಯುತ್ತದೆ, ಒಳಗಿನ ತಿರುಳು ಕುಗ್ಗಿ ಚಿಪ್ಪಿನ ಗೋಡೆ ಬಿಡುತ್ತದೆ. ಇದಕ್ಕೆ ಒಂದು ಹಗಲು ಒಂದು ರಾತ್ರಿ ಬೇಕು. ನಾವು ಕೊಟ್ಟದ್ದು ಅರ್ಧ ಗಂಟೆ.

ಬಿದ್ದದ್ದನ್ನೇ ಹೆಕ್ಕಿ

ಕೆಲಸ ಸುರುವಾಗುವುದು ಮರದ ಬುಡದಲ್ಲಿ. ಹಣ್ಣು ಸಮೇತ ತಾನಾಗಿ ಬಿದ್ದ ಬೀಜ ಮಾತ್ರ ಸುಲಿಯಲು ಯೋಗ್ಯ. ದೋಟಿ ಹಾಕಿ ಎಳೆದದ್ದು, ಕೊಂಬೆ ಅಲುಗಿಸಿ ಉದುರಿಸಿದ್ದು ಬೇಡ. ಎಳತು ಬೀಜದ ತಿರುಳು ಒಣಗಿದಾಗ ಮುರುಟಿ ಹೋಗುತ್ತದೆ, ಸಿಪ್ಪೆ ಬಿಡುವುದೇ ಇಲ್ಲ. ಎಳತು ಬೇಕಾದರೆ ಹಸಿಯಾಗಿಯೇ ಬಳಸಿ. ಕೊಂಕಣಿಯವರ ಮನೆಯ ತೊಂಡೆಕಾಯಿ ಎಳೆ ಗೇರುಬೀಜದ ಉಪ್ಕರಿ ತಿಂದವರಿಗೆ ಅದರ ಬೆಲೆ ಗೊತ್ತು.

ಹೂ ಬಿಡುವ ಕಾಲಕ್ಕೇ ಬುಡದ ಕಾಡು ಸವರಿ, ದರಗು ಗುಡಿಸಿಡಿ. ಇಲ್ಲವಾದರೆ ಬಿದ್ದ ಬೀಜದಲ್ಲಿ ಎಷ್ಟೋ ದರಗಿನಡಿಯಲ್ಲೇ ಉಳಿಯುತ್ತದೆ. ನಮ್ಮಲ್ಲಿ ಬಾವಲಿಗಳು ಹಣ್ಣು ಕೊಂಡುಹೋಗಿ ದೂರದ ಹಲಸಿನ ಮರದಲ್ಲಿ ಕೂತು ತಿಂದು ಬೀಜ ಉದುರಿಸುತ್ತವೆ. ಬೆಳಿಗ್ಗೆ ಆ ಮರದಡಿಗೆ ಹೋದರೆ ಒಂದು ಬೊಗಸೆ ಸಿಗದೆ ಇಲ್ಲ. ಎರಡು ದಿನಕ್ಕೊಮ್ಮೆ ಹೆಕ್ಕಿದರೆ ಸಾಕು. ಬೇಸಗೆ ಮಳೆ ಬಂದರೆ ಮಾತ್ರ ದಿನಾ ಹೆಕ್ಕಲೇಬೇಕು. ಒದ್ದೆ ನೆಲದಲ್ಲಿ ಬಿದ್ದ ಬೀಜ ಕಪ್ಪಾಗುತ್ತದೆ, ಬೇಗ ಹಾಳಾಗುತ್ತದೆ.

ಹಣ್ಣಿನಿಂದ ಬೀಜ ತಿರುಪಿ ತೆಗೆಯುವಾಗ ತಿರುಳಿನ ಚೂರು ಅಂಟಿಕೊಂಡಿರಬಾರದು. ಅಲ್ಲಿಂದಲೇ ಬೂಸ್ಟು, ಅಲ್ಲಿಗೇ ಇರುವೆ. ಎರಡು ಗೂಟದ ನಡುವೆ ನೈಲಾನ್ ದಾರ ಬಿಗಿದು ಅದಕ್ಕೆ ಒತ್ತಿ ಎಳೆದರೆ ಬೀಜ ಚೊಕ್ಕವಾಗಿ ಬೇರೆಯಾಗುತ್ತದೆ, ಹಣ್ಣೂ ಜಜ್ಜುವುದಿಲ್ಲ. ಹಣ್ಣಿನ ವಿಚಾರ ಈ ಲೇಖನದಲ್ಲಿ ಬೇಡ, ಅದು ಬೇರೆಯೇ ಕತೆ.

ಮನೆಗೆ ತಂದ ಬೀಜವನ್ನು ಬಕೆಟ್ ನೀರಿಗೆ ಹಾಕಿ. ಬಲಿತದ್ದು ಮುಳುಗುತ್ತದೆ, ಎಳತು ಮತ್ತು ಜೊಳ್ಳು ತೇಲುತ್ತದೆ. ತೇಲಿದ್ದನ್ನು ಬೇರೆ ಇಡಿ. ಮುಳುಗಿದ್ದನ್ನು ಕೂಡಲೇ ತೆಗೆದು ಬಿಸಿಲಿಗೆ. ಒಣಗಿಸಿದ ಮೇಲೆ ಈ ಪರೀಕ್ಷೆ ಮಾಡಬೇಡಿ, ಒಣಗಿದ್ದನ್ನು ಪುನಃ ಒದ್ದೆ ಮಾಡಿದ ಹಾಗಾಗುತ್ತದೆ.

ಒಣಗಿಸುವಲ್ಲಿಯೇ ಅರ್ಧ ಕೆಲಸ

ಹೆಕ್ಕಿದ ಹೊಸದರಲ್ಲಿ ಬೀಜದಲ್ಲಿ ನೂರಕ್ಕೆ 20ರಿಂದ 25ರಷ್ಟು ನೀರಿರುತ್ತದೆ. ಅದು 8–9ಕ್ಕೆ ಇಳಿಯಬೇಕು. ಒಳ್ಳೆ ಬಿಸಿಲಿಗೆ ಎರಡು ಮೂರು ದಿನ ಸಾಕು. ಸಿಮೆಂಟ್ ಅಂಗಳವಾದರೆ ಒಳ್ಳೆಯದು, ಮಣ್ಣಿನ ಅಂಗಳವಾದರೆ ಚಾಪೆ ಹಾಸಿ. ಒಂದೇ ಪದರ ಹರಡಿ ದಿನಕ್ಕೆ ನಾಲ್ಕು ಸಲ ಕಾಲಾಡಿಸಬೇಕು. ಸಂಜೆ ರಾಶಿ ಮಾಡಿ ಮುಚ್ಚಿ, ಇಬ್ಬನಿ ಬೀಳಬಾರದು.

ಒಣಗಿತೋ ಇಲ್ಲವೋ ತಿಳಿಯಲು ನಾವು ಮಾಡುವುದು ಇಷ್ಟು. ಹೆಬ್ಬೆರಳಿನ ಉಗುರು ಒತ್ತಿದರೆ ಗುರುತು ಬೀಳಬಾರದು. ಒಂದು ಬೊಗಸೆ ಎತ್ತಿ ಮೇಲಿಂದ ಬಿಟ್ಟರೆ ಕಲ್ಲು ಸುರಿದ ಹಾಗೆ ಸದ್ದಾಗಬೇಕು. ಸಂಶಯವಿದ್ದರೆ ಒಂದನ್ನು ಸೀಳಿ ನೋಡಿ, ತಿರುಳಿನ ಮೇಲಿನ ಸಿಪ್ಪೆ ಬಿಳಿಚಿಕೊಂಡಿದ್ದರೆ ಇನ್ನೊಂದು ದಿನ ಬಿಸಿಲು ಬೇಕು.

ನಮ್ಮಲ್ಲಿ 100 ಕಿಲೋ ಹಸಿ ಬೀಜ ಒಣಗಿದಾಗ 85ರಿಂದ 88 ಕಿಲೋ ಆಗುತ್ತದೆ. ತೂಕ ಕಡಿಮೆಯಾಗುತ್ತದೆ ಎಂದು ನಮ್ಮವರು ಹಸಿಯನ್ನೇ ಗೋಣಿಗೆ ತುಂಬಿ ಸಂಜೆಗೆ ಅಂಗಡಿಗೆ ಹೊರುತ್ತಾರೆ. ಕೊಳ್ಳುವವನು ಪೆದ್ದನಲ್ಲ. ಒಂದು ಮುಷ್ಟಿ ಎತ್ತಿ ನೋಡಿ "ಒದ್ದೆ" ಅಂದು ಎರಡು ಕಿಲೋ ವಜಾ ಮಾಡುತ್ತಾನೆ, ದರದಲ್ಲೂ ಕಮ್ಮಿ ಮಾಡುತ್ತಾನೆ. ನನಗೇ ಆಗಿದೆ. ಸುಲಿಯುವ ಉದ್ದೇಶ ಇಲ್ಲದವರಿಗೂ ಒಣಗಿಸಿಟ್ಟರೆ ಒಂದು ಲಾಭ ಉಂಟು: ಸುಗ್ಗಿಯ ನಡುವೆ, ಎಲ್ಲರ ಬೀಜ ಒಟ್ಟಿಗೆ ಅಂಗಡಿಗೆ ಬರುವ ದಿನ, ನೀವು ಮಾರಲೇಬೇಕೆಂದಿಲ್ಲ. ನಮ್ಮ ಫ್ಯಾಕ್ಟರಿಗಳಿಗೆ ಆಫ್ರಿಕದಿಂದಲೂ ಬೀಜ ಬರುತ್ತದೆ, ದರ ನಮ್ಮ ಕೈಯಲ್ಲಿಲ್ಲ. ಯಾವಾಗ ಮಾರುವುದು ಎಂಬುದಾದರೂ ಸ್ವಲ್ಪ ನಮ್ಮ ಕೈಯಲ್ಲಿರಲಿ.

ಒಣಗಿದ ಬೀಜ ಗೋಣಿಯಲ್ಲಿ ತುಂಬಿ, ನೆಲಕ್ಕೆ ತಾಗದ ಹಾಗೆ ಹಲಗೆಯ ಮೇಲೆ, ಗೋಡೆಗೆ ಒರಗಿಸದೆ ಇಡಬೇಕು. ಅಡುಗೆ ಒಲೆಯ ಮೇಲಿನ ಅಟ್ಟ ಇದ್ದವರು ಪುಣ್ಯವಂತರು, ಮಳೆಗಾಲ ಪೂರ್ತಿ ಅಲ್ಲಿ ಏನೂ ಆಗುವುದಿಲ್ಲ. ನಾವು ಎಲ್ಲ ಬೀಜವನ್ನು ಒಮ್ಮೆಗೇ ಸುಲಿಯುವುದಿಲ್ಲ. ಮೇ ತಿಂಗಳ ಬಿಸಿಲಿರುವಾಗ ಒಂದಷ್ಟು, ಮತ್ತೆ ನವರಾತ್ರಿ ದೀಪಾವಳಿಗೆ ಬೇಡಿಕೆ ಬರುವ ಮೊದಲು ಒಂದಷ್ಟು.

ಹಬೆ, ಮತ್ತೆ ಒಂದು ರಾತ್ರಿ

ಹಬೆಗೆ ಇಡುವ ಮೊದಲು ಬೀಜವನ್ನು ದೊಡ್ಡದು, ನಡುತರ, ಸಣ್ಣದು ಎಂದು ಮೂರು ಪಾಲು ಮಾಡಿ. ನಮ್ಮ ಗುಡ್ಡೆಯಲ್ಲಿ ಅಜ್ಜನ ಕಾಲದ ಬೀಜದ ಗಿಡಗಳೂ ಇವೆ, ಕಸಿ ಗಿಡಗಳೂ ಇವೆ. ನಾಟಿ ಮರದ ಬೀಜ ಕಿಲೋಕ್ಕೆ 200ಕ್ಕೂ ಮೇಲೆ ಬರುತ್ತದೆ. 1984ರಲ್ಲಿ ಬಿಡುಗಡೆಯಾದ ಉಳ್ಳಾಲ-1 ಕಿಲೋಕ್ಕೆ 150ರ ಆಸುಪಾಸು. 1997ರ ವೆಂಗುರ್ಲಾ-7 ಆದರೆ ಒಂದೊಂದು ಬೀಜ ಸುಮಾರು 10 ಗ್ರಾಂ, ಕಿಲೋಕ್ಕೆ ನೂರೇ. ಇವನ್ನೆಲ್ಲ ಒಟ್ಟಿಗೆ ಬೇಯಿಸಿದರೆ ಸಣ್ಣದು ಹೆಚ್ಚು ಬೆಂದು ದೊಡ್ಡದು ಹಸಿ ಉಳಿಯುತ್ತದೆ. ಮನೆಯಲ್ಲಿ ಸುಲಿಯುವವರಿಗೆ ದೊಡ್ಡ ಬೀಜದ ತಳಿಯೇ ಬೇಕು. ಒಂದು ಕಿಲೋ ತಿರುಳಿಗೆ 400 ಸಲ ಕತ್ತರಿ ಹಾಕುವುದೋ, 900 ಸಲವೋ? ಹೊಸ ಗಿಡ ನೆಡುವವರು ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದಲ್ಲಿ ಅಥವಾ ಉಳ್ಳಾಲದ ಕೇಂದ್ರದಲ್ಲಿ ಕೇಳುವಾಗ ಇಳುವರಿ ಒಂದನ್ನೇ ಕೇಳಬೇಡಿ, ಬೀಜದ ತೂಕ ಎಷ್ಟು, ನೂರಕ್ಕೆ ತಿರುಳು ಎಷ್ಟು ಎಂದೂ ಕೇಳಿ.

ಹಬೆಗೆ ನಾವು ಬಳಸುವುದು ಹಳೇ ಅಲ್ಯುಮಿನಿಯಂ ಇಡ್ಲಿ ಅಟ್ಟಿನಳಗೆ. ಕೆಳಗೆ ನೀರು, ಮೇಲೆ ತೂತಿನ ತಟ್ಟೆ, ಅದರಲ್ಲಿ 4 ಕಿಲೋ ಬೀಜ. ನೀರು ಚೆನ್ನಾಗಿ ಕುದಿದು ಹಬೆ ಏಳಲು ಸುರುವಾದ ಮೇಲೆ 40 ನಿಮಿಷ. ದೊಡ್ಡ ಬೀಜಕ್ಕೆ 5 ನಿಮಿಷ ಹೆಚ್ಚು. ನೀರಿನಲ್ಲಿ ಮುಳುಗಿಸಿ ಬೇಯಿಸುವುದಕ್ಕಿಂತ ಹಬೆಯೇ ಮೇಲು, ತಿರುಳು ನೀರು ಕುಡಿಯುವುದಿಲ್ಲ. ಈ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಲೇಬಾರದು. ನಮ್ಮದಕ್ಕೆ ಕೆಂಪು ಬಣ್ಣ ಬಳಿದು ಕೊಟ್ಟಿಗೆಯಲ್ಲಿ ತೂಗುಹಾಕಿದ್ದೇವೆ, ನೆಂಟರು ಬಂದ ಗಡಿಬಿಡಿಯಲ್ಲಿ ಯಾರಾದರೂ ಒಳಗೆ ತಂದಾರು ಎಂದು. ಒಲೆಯೂ ಹೊರಗಿನದ್ದೇ ಆಗಲಿ.

ಹಬೆಯಿಂದ ತೆಗೆದ ಬೀಜವನ್ನು ನೆರಳಲ್ಲಿ, ಗಾಳಿಯಾಡುವ ಕಡೆ ತೆಳ್ಳಗೆ ಹರಡಿ. ಮುಚ್ಚಬೇಡಿ, ರಾಶಿ ಮಾಡಬೇಡಿ. ಇವತ್ತು ಮಧ್ಯಾಹ್ನ ಹಬೆಗಿಟ್ಟರೆ ನಾಳೆ ಮಧ್ಯಾಹ್ನವೇ ಕತ್ತರಿ. ಬೇಲಿಯಾಚೆಯ ಅಕ್ಕ ಹೇಳುವ ಪರೀಕ್ಷೆ: ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ತಿರುಳು ಅಲುಗಿದ ಸದ್ದು ಕೇಳಬೇಕು. ಅವರಿಗೆ ಎಲ್ಲದರಲ್ಲೂ ಕೇಳುತ್ತದೆ. ನನಗೆ ಹತ್ತರಲ್ಲಿ ಐದಾರರಲ್ಲಿ ಕೇಳುತ್ತದೆ.

ಕೈ ಮೊದಲು, ಕತ್ತರಿ ಆಮೇಲೆ

ಕಾಲಿನಿಂದ ಒತ್ತುವ ಕಟ್ಟಿಂಗ್ ಮೆಷಿನ್ ಈಗ ಪೇಟೆಯಲ್ಲಿ ಸಿಗುತ್ತದೆ. ಬೀಜದ ಅರ್ಧ ಆಕಾರದ ಎರಡು ಅಲಗುಗಳು ಎದುರುಬದುರು. ನಡುವೆ ಬೀಜ ಇಟ್ಟು ಕಾಲಲ್ಲಿ ಒತ್ತಿದರೆ ಚಿಪ್ಪಿಗೆ ಸುತ್ತ ಗಾಯ ಬೀಳುತ್ತದೆ, ಹಿಡಿ ತಿರುಪಿದರೆ ಎರಡು ಹೋಳು. ನಾಲ್ಕು ಜನ ಸೇರಿ ಒಂದು ಕೊಂಡರೂ ಸಾಕು, ಯಾರೂ ದಿನಾ ಸುಲಿಯುವವರಲ್ಲ. ನಾವು ಮೊದಲೆರಡು ವರ್ಷ ಅಡಕತ್ತರಿಯಲ್ಲೇ ಮಾಡಿದೆವು. ಅದರ ಕೆಳ ಅಲಗಿಗೆ ಅರದಲ್ಲಿ ಉಜ್ಜಿ ಸಣ್ಣ ಗುಳಿ ಮಾಡಿಸಿದರೆ ಬೀಜ ಜಾರುವುದಿಲ್ಲ. ಬೀಜದ ಉಬ್ಬಿದ ಬೆನ್ನನ್ನು ಕೆಳಗೆ ಕೂರಿಸಿ, ತುಂಡು ಮಾಡುವ ಹಾಗಲ್ಲ, ಚಿಪ್ಪು ಮಾತ್ರ ಬಿರಿಯುವ ಹಾಗೆ ಒತ್ತಬೇಕು. ಕೈಗೆ ಆ ಅಂದಾಜು ಬರಲು ಒಂದು ಕಿಲೋ ಬೀಜ ಹಾಳಾಗುತ್ತದೆ, ಆಗಲಿ. ಉಳಿದದ್ದನ್ನು ದಪ್ಪ ಸೂಜಿ ಅಥವಾ ಚೂರಿಯ ತುದಿಯಿಂದ ಎಬ್ಬಿಸಿ.

ಈಗ ಕೈಯ ಮಾತು. ಹಬೆಗಿಟ್ಟರೂ ಸೊನೆ ಚಿಪ್ಪಿನಲ್ಲೇ ಇರುತ್ತದೆ, ಸುಟ್ಟಾಗ ಹೋದ ಹಾಗೆ ಹೋಗುವುದಿಲ್ಲ. ಹಾಗಾಗಿ ಬರಿಗೈ ಬೇಡವೇ ಬೇಡ. ರಬ್ಬರ್ ಕೈಗವಚ ಹಾಕಿ. ಬಿಸಿಲಕಾಲದಲ್ಲಿ ಬೆವರಿ ಅದು ಆಗದವರು ಫ್ಯಾಕ್ಟರಿಯ ಹೆಂಗಸರ ಉಪಾಯ ಮಾಡಬಹುದು: ಬೆರಳಿಂದ ಮಣಿಕಟ್ಟಿನವರೆಗೆ ಹರಳೆಣ್ಣೆ ದಪ್ಪಕ್ಕೆ ಹಚ್ಚಿ, ಅದರ ಮೇಲೆ ಜರಡಿ ಹಿಡಿದ ಒಲೆಬೂದಿ ಮೆತ್ತಿಕೊಳ್ಳುವುದು. ತೆಂಗಿನೆಣ್ಣೆ ತೆಳು, ಬೇಗ ಹೋಗುತ್ತದೆ. ಅರ್ಧ ಗಂಟೆಗೊಮ್ಮೆ ಪುನಃ ಹಚ್ಚಬೇಕು. ಕೆಲಸ ಮುಗಿದ ಕೂಡಲೇ ನೀರಿಗೆ ಕೈ ಹಾಕಬೇಡಿ. ಸೊನೆ ನೀರಿಗೆ ಕರಗುವುದಿಲ್ಲ, ಹರಡುತ್ತದೆ. ಮೊದಲು ಎಣ್ಣೆ ಹಚ್ಚಿ ಮರದ ಹುಡಿಯಲ್ಲಿ ಉಜ್ಜಿ ತೆಗೆದು, ಆಮೇಲೆ ಸಾಬೂನು. ಅಷ್ಟು ಹೊತ್ತು ಮುಖ, ಕಣ್ಣು ಮುಟ್ಟಬಾರದು. ತುರಿಸಿದರೆ ಮೊಣಕೈಯಿಂದ ತುರಿಸಿಕೊಳ್ಳಿ. ಮಕ್ಕಳನ್ನು ಚಿಪ್ಪಿನ ರಾಶಿಯ ಹತ್ತಿರ ಬಿಡಬೇಡಿ.

ಇದನ್ನೆಲ್ಲ ಇಷ್ಟು ಉದ್ದ ಯಾಕೆ ಬರೆದೆ ಎಂದರೆ, "ಮನೆಮಟ್ಟದ ಸಂಸ್ಕರಣೆ" ಎಂದು ಸಭೆಗಳಲ್ಲಿ ಗಂಡಸರು ಸಲೀಸಾಗಿ ಹೇಳುತ್ತೇವೆ. ಕಡೆಗೆ ಕತ್ತರಿ ಹಿಡಿದು ಕೂರುವುದು ಮನೆಯ ಹೆಂಗಸರು. ನಮ್ಮಲ್ಲಿ ಈಗ ನಿಯಮ ಉಂಟು. ಕತ್ತರಿಸುವುದು ನಾನು ಮತ್ತು ತಮ್ಮ. ಸಿಪ್ಪೆ ತೆಗೆಯುವುದು ಎಲ್ಲರೂ ಸೇರಿ, ಅದರಲ್ಲಿ ಸೊನೆ ಇಲ್ಲ.

ಕತ್ತರಿಸಿದ ತಿರುಳನ್ನು ಚಿಪ್ಪಿನ ರಾಶಿಗೆ ತಾಗಿಸದೆ ಬೇರೆ ತಟ್ಟೆಗೆ ಹಾಕಿ. ಸೊನೆ ತಾಗಿ ಕಪ್ಪಾದ ತಿರುಳನ್ನು ತಿನ್ನಲು ಇಡಬೇಡಿ, ನಷ್ಟವಾದರೂ ಬಿಸಾಡಿ.

ಸಿಪ್ಪೆ ಬಿಡಿಸುವ ಗುಟ್ಟು

ಈಗ ಕೈಯಲ್ಲಿರುವುದು ಕಂದು ಸಿಪ್ಪೆ ಹೊದ್ದ ತಿರುಳು. ಉಗುರಿನಲ್ಲಿ ಕೆರೆದರೆ ಸಿಪ್ಪೆ ಏಳುವುದಿಲ್ಲ, ತಿರುಳಿಗೆ ಗಾಯವಾಗುತ್ತದೆ. ಫ್ಯಾಕ್ಟರಿಗಳಲ್ಲಿ ಬೋರ್ಮ ಎನ್ನುವ ಬಿಸಿಗೂಡಿನಲ್ಲಿ 70 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಆರರಿಂದ ಎಂಟು ಗಂಟೆ ಒಣಗಿಸುತ್ತಾರೆ. ಮನೆಯಲ್ಲಿ ಮೊದಲು ಎರಡು ದಿನ ತೆಳು ಬಟ್ಟೆ ಮುಚ್ಚಿ ಬಿಸಿಲಿಗಿಡಿ. ಆಮೇಲೆ ಕೊಬ್ಬರಿ ಗೂಡೋ ಅಡಿಕೆ ಡ್ರೈಯರೋ ಇದ್ದರೆ ಅದರಲ್ಲಿ ತಟ್ಟೆ ಇಟ್ಟು ಹದ ಬಿಸಿ ಕೊಡಿ. ನಮ್ಮಲ್ಲಿ ಬಚ್ಚಲೊಲೆಯ ಮೇಲೆ ಒಂದು ತಗಡಿನ ಪೆಟ್ಟಿಗೆ ಕೂರಿಸಿ, ಒಳಗೆ ತಂತಿಯ ಜಾಲರಿ ತಟ್ಟೆ ಎರಡು ಇಟ್ಟಿದ್ದೇವೆ. ಒಳಗೆ ಕೈ ಹಿಡಿದರೆ ಹತ್ತು ಎಣಿಸುವಷ್ಟು ಹೊತ್ತು ತಾಳುವ ಹಾಗಿರಬೇಕು ಬಿಸಿ. ಐದು ಎಣಿಸುವಾಗ ಕೈ ತೆಗೆಯಬೇಕೆನಿಸಿದರೆ ಬೆಂಕಿ ಹಿಂದೆ ಎಳೆಯಿರಿ. ಬಿಸಿ ಹೆಚ್ಚಾದರೆ ತಿರುಳು ಕೆಂಪಾಗಿ ಬಿಳಿ ಬೀಜದ ದರ ಸಿಗುವುದಿಲ್ಲ. ಗಂಟೆಗೊಮ್ಮೆ ತಟ್ಟೆಗಳನ್ನು ಮೇಲೆ ಕೆಳಗೆ ಬದಲಿಸಿ.

ಒಣಗಿದ ತಿರುಳು ಗಾಜಿನ ಹಾಗೆ. ಕೂಡಲೇ ಉಜ್ಜಿದರೆ ಪುಡಿ. ಇಲ್ಲಿಯೂ ಒಂದು ರಾತ್ರಿ ಕಾಯಬೇಕು. ಒಳಗಿನ ಕೋಣೆಯಲ್ಲಿ ಹರಡಿ ಬಿಟ್ಟರೆ ಗಾಳಿಯ ಪಸೆ ಸ್ವಲ್ಪ ಹಿಡಿದು ತಿರುಳು ಹದಕ್ಕೆ ಬರುತ್ತದೆ. ಬೆಳಿಗ್ಗೆ ಹೆಬ್ಬೆರಳು ತೋರುಬೆರಳ ನಡುವೆ ಮೆಲ್ಲ ತಿರುಪಿದರೆ ಸಿಪ್ಪೆ ತಾನಾಗಿ ಬಿಚ್ಚುತ್ತದೆ. ಬಿಡದ ಕೆಲವನ್ನು ಹಟ ಮಾಡಿ ಕೆರೆಯಬೇಡಿ, ಬದಿಗಿಟ್ಟು ಮುಂದಿನ ಸರದಿಯಲ್ಲಿ ಇನ್ನೊಮ್ಮೆ ಬಿಸಿ ಕೊಡಿ.

ಇಡಿ, ಹೋಳು, ಚೂರು ಎಂದು ಬೇರೆ ಮಾಡಿ. ಅಂಗಡಿಯವರು "320", "240" ಎನ್ನುವುದು ಬೇರೇನಲ್ಲ, ಒಂದು ಪೌಂಡಿಗೆ, ಅಂದರೆ 454 ಗ್ರಾಂಗೆ, ಎಷ್ಟು ಇಡಿ ತಿರುಳು ಎಂಬ ಲೆಕ್ಕ. ಸಂಖ್ಯೆ ಸಣ್ಣದಾದಷ್ಟು ತಿರುಳು ದೊಡ್ಡದು. 180 ಎಂದರೆ ಎಲ್ಲಕ್ಕಿಂತ ದೊಡ್ಡದು. ಮನೆಯ ತಕ್ಕಡಿಯಲ್ಲಿ ಒಮ್ಮೆ ಎಣಿಸಿ ನೋಡಿ. ನಮ್ಮ ವೆಂಗುರ್ಲಾ ಬೀಜ ಯಾವ ದರ್ಜೆಗೆ ಸೇರುತ್ತದೆ ಎಂದು ಗೊತ್ತಾದ ದಿನ, ಅಂಗಡಿಗೆ ಸಣ್ಣ ಬೀಜದೊಟ್ಟಿಗೆ ಒಂದೇ ದರಕ್ಕೆ ಹಾಕುತ್ತಿದ್ದದ್ದು ನೆನಪಾಗಿ ನನಗೆ ಊಟ ಸೇರಲಿಲ್ಲ.

ಲೆಕ್ಕ

ಒಣ ಬೀಜ 4 ಕಿಲೋಕ್ಕೆ ತಿರುಳು 1 ಕಿಲೋ ಎಂದು ಇಟ್ಟುಕೊಳ್ಳಿ. ಒಳ್ಳೆ ಕಸಿ ತಳಿಯಲ್ಲಿ ನೂರಕ್ಕೆ 30ರವರೆಗೂ ತಿರುಳು ಇರುತ್ತದೆ, ಮನೆಯಲ್ಲಿ ಅಷ್ಟು ಕೈಗೆ ಸಿಗುವುದಿಲ್ಲ. ಈಗ ನಮಗೆ ಒಂದು ಕಿಲೋ ತಿರುಳಿಗೆ ಕತ್ತರಿಸಲು ಎರಡು ಗಂಟೆ, ಸಿಪ್ಪೆ ತೆಗೆದು ವಿಂಗಡಿಸಲು ಎರಡೂವರೆ ಗಂಟೆ ಹಿಡಿಯುತ್ತದೆ. ಅಂದರೆ ಹೆಚ್ಚು ಕಡಿಮೆ ಅರ್ಧ ಆಳಿನ ಕೆಲಸ. ಇವತ್ತಿನ ದರ ನೀವೇ ಹಾಕಿ: 4 ಕಿಲೋ ಬೀಜದ ಬೆಲೆ, ಅರ್ಧ ಆಳಿನ ಸಂಬಳ, ಸೌದೆ, ಡಬ್ಬ. ಇದನ್ನು ನಿಮ್ಮೂರ ಅಂಗಡಿಯ ಒಂದು ಕಿಲೋ ತಿರುಳಿನ ದರದಿಂದ ಕಳೆಯಿರಿ. ತಿರುಳು ಪೂರ್ತಿ ಇಡಿಯಾಗಿರುವುದಿಲ್ಲ, ಚೂರಿಗೆ ದರ ಕಡಿಮೆ ಎಂಬುದನ್ನೂ ಮರೆಯಬೇಡಿ.

ನಾನು ಕಂಡ ಹಾಗೆ ಆಳು ಇಟ್ಟು ಸುಲಿಸಿದರೆ ಏನೂ ಉಳಿಯುವುದಿಲ್ಲ. ಫ್ಯಾಕ್ಟರಿಯೊಟ್ಟಿಗೆ ದರದಲ್ಲಿ ಪೈಪೋಟಿ ಮಾಡುವ ಆಸೆ ಇಟ್ಟುಕೊಳ್ಳಲೇಬೇಡಿ. ಮಳೆಗಾಲದಲ್ಲಿ ತೋಟದ ಕೆಲಸ ಇಲ್ಲದ ಹೊತ್ತಿಗೆ ಮನೆಯವರೇ ಕೂತು ಮಾಡುವುದಾದರೆ, ಗುರುತಿನ ಹತ್ತು ಮನೆಗಳಿಗೆ ಕೊಡುವುದಾದರೆ ಆ ಅರ್ಧ ಆಳಿನ ಸಂಬಳ ನಮ್ಮಲ್ಲೇ ಉಳಿಯುತ್ತದೆ. ನಾವು ಈಗ ಒಟ್ಟು ಬೀಜದ ಕಾಲು ಪಾಲನ್ನು ಮಾತ್ರ ಸುಲಿಯುವುದು, ಅದೂ ದೊಡ್ಡ ಬೀಜದ್ದು. ಉಳಿದದ್ದು ಒಣಗಿಸಿ ಅಂಗಡಿಗೆ. ಹೊರಗೆ ಮಾರುವುದಾದರೆ ಆಹಾರ ಸುರಕ್ಷತೆ ಕಾಯ್ದೆಯಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು, ನಾವೂ ಮಾಡಿಸಿದ್ದೇವೆ.

ತಿರುಳು ಇಡುವ ವಿಚಾರದಲ್ಲಿ ಹೇಳುವುದು ಸ್ವಲ್ಪವೇ. ನಮ್ಮ ಕರಾವಳಿಯ ಆಟಿ ತಿಂಗಳ ಗಾಳಿ ಸಾಕು, ನಾಲ್ಕು ದಿನದಲ್ಲಿ ತಿರುಳು ಮೆತ್ತಗಾಗಿ ಮುಗ್ಗುಲು ವಾಸನೆ ಬರಲು. ಬಿಗಿ ಮುಚ್ಚಳದ ಡಬ್ಬದಲ್ಲಿ ಬಾಯಿವರೆಗೆ ತುಂಬಿ ಇಡಿ, ಅರ್ಧ ಖಾಲಿ ಡಬ್ಬ ಬೇಡ. ದಿನ ಬಳಕೆಗೆ ಸಣ್ಣ ಡಬ್ಬ ಬೇರೆ. ತಿನ್ನುವ ಮೊದಲು ಒಂದು ಸಲ ಬಾಣಲೆಯಲ್ಲಿ ಬೆಚ್ಚಗೆ ಹುರಿದರೆ ಪರಿಮಳವೂ ಏಳುತ್ತದೆ.

ಕೊನೆಗೆ ಚಿಪ್ಪು. 4 ಕಿಲೋ ಬೀಜಕ್ಕೆ ಸುಮಾರು 3 ಕಿಲೋ ಉಳಿಯುತ್ತದೆ. ಅದನ್ನು ಅಡುಗೆ ಒಲೆಗೆ ಹಾಕಬೇಡಿ, ಆ ಹೊಗೆ ಮನೆಯೊಳಗೆ ಬರಬಾರದು, ಪಾತ್ರೆಗೂ ಬಿಡದ ಮಸಿ. ಸೊನೆ ಎಣ್ಣೆಯನ್ನು ಹಿಂದೆ ದೋಣಿಗೆ, ಬಲೆಗೆ, ಮನೆಯ ಮರಮುಟ್ಟಿಗೆ ಬಳಿಯುತ್ತಿದ್ದರು, ನೀರು ಮತ್ತು ಗೆದ್ದಲು ತಡೆಯಲೆಂದು. ಅಮ್ಮ ನಮ್ಮ ಚಿಪ್ಪನ್ನು ಗೋಣಿಯಲ್ಲಿ ಕಟ್ಟಿಟ್ಟು, ಮೇ ಕೊನೆಗೆ ಹೊಸ ಬೇಲಿಗೂಟಗಳ ಬುಡವನ್ನು ಅದರ ಬೆಂಕಿಯಲ್ಲಿ ಕರಿದು ಹುಗಿಸುತ್ತಾರೆ. ಬೆಂಕಿ ಹಾಕುವ ಮೊದಲು ಎಲೆ ಹಾರಿಸಿ ಗಾಳಿ ಯಾವ ಕಡೆ ಎಂದು ನೋಡುತ್ತಾರೆ, ಮತ್ತೆ ಮೊಮ್ಮಗಳನ್ನು ಹೆಸರು ಹಿಡಿದು ಕರೆದು ಮನೆಯೊಳಗೆ ಕಳಿಸುತ್ತಾರೆ.